ಚಳಿಗಾಲದ ಜೇನುಪೆಟ್ಟಿಗೆ: ಇಲಿಗೆ ಯಾವ ತಡೆ, ಚಳಿಗೆ ಯಾವ ಹೊದಿಕೆ?

ಚಳಿಗಾಲ ಹತ್ತಿರ ಬಂದ ಹಾಗೆ ಜೇನು ಸಾಕುವವರ ಮುಂದೆ ಎರಡು ಪ್ರಶ್ನೆ ಒಟ್ಟಿಗೇ ಬಂದು ನಿಲ್ಲುತ್ತವೆ. ಇಲಿ ಒಳಗೆ ನುಗ್ಗದ ಹಾಗೆ ಬಾಗಿಲಿಗೆ ಏನು ಹಾಕುವುದು? ಚಳಿ ತಡೆಯಲು ಪೆಟ್ಟಿಗೆಗೆ ಏನು ಹೊದಿಸುವುದು? ತುಂಬಾ ಜನ ಇವೆರಡನ್ನೂ ಬೇರೆ ಬೇರೆ ಕೆಲಸ ಅಂತ ನೋಡುತ್ತಾರೆ. ಹಾಗೆ ನೋಡಿದರೆ ತೊಂದರೆ ಖಂಡಿತ. ಜೇನಿಗೆ ಬೆಚ್ಚಗಿರಲಿ ಎಂದು ನಾವು ತುಂಬಿದ ಹುಲ್ಲು, ಹೊಟ್ಟು, ಥರ್ಮೋಕೋಲು ಇಲಿಗೂ ಅಷ್ಟೇ ಬೆಚ್ಚಗಿರುತ್ತದೆ. ಇಲಿ ಬರಬಾರದು ಎಂದು ಬಾಗಿಲನ್ನು ತೀರಾ ಬಿಗಿ ಮಾಡಿದರೆ ಒಳಗಿನ ತೇವ ಹೊರಗೆ ಹೋಗಲು ದಾರಿ ಸಿಗುವುದಿಲ್ಲ. ಒಂದನ್ನು ಆರಿಸುವಾಗ ಇನ್ನೊಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಾಗಿಲಿಗೆ ಲೋಹದ ಇಲಿತಡೆ ಎಲ್ಲರಿಗೂ ಬೇಕು. ಮುಚ್ಚಳದ ಅಡಿಯಲ್ಲಿ ಶಾಖ ಹಿಡಿದಿಡುವ ಒಂದು ಪದರ ಹೆಚ್ಚುಕಡಿಮೆ ಎಲ್ಲರಿಗೂ ಬೇಕು. ಸುತ್ತಲಿನ ಹೊದಿಕೆ ಮಾತ್ರ ನಿಮ್ಮಲ್ಲಿ ಚಳಿ ಎಷ್ಟು ಅನ್ನುವುದರ ಮೇಲೆ ಹೋಗುತ್ತದೆ. ದುಡ್ಡು, ಸಮಯ ಎರಡನ್ನೂ ಇದೇ ಕ್ರಮದಲ್ಲಿ ಖರ್ಚು ಮಾಡಿ. ಸುತ್ತ ಚೆಂದವಾಗಿ ಹೊದಿಸಿ, ಮುಚ್ಚಳವನ್ನು ಬರಿದೇ ಬಿಟ್ಟ ಪೆಟ್ಟಿಗೆಗಳನ್ನು ನೋಡಿದಾಗ ನನಗೆ ಬೇಜಾರಾಗುತ್ತದೆ. ಅಷ್ಟು ಕಷ್ಟಪಟ್ಟೂ ನೊಣಗಳಿಗೆ ಬೇಕಾದ ಕಡೆ ಏನೂ ಸಿಕ್ಕಿರುವುದಿಲ್ಲ.

ಇಲ್ಲಿ ಹೇಳುವುದೆಲ್ಲ ಮರದ ಲ್ಯಾಂಗ್‌ಸ್ಟ್ರಾತ್ ಮಾದರಿ ಪೆಟ್ಟಿಗೆಯಲ್ಲಿ, ಅಂದರೆ ಚೌಕಟ್ಟುಗಳನ್ನು ಎತ್ತಿ ತೆಗೆಯಬಹುದಾದ ಪೆಟ್ಟಿಗೆಯಲ್ಲಿ, ಇರುವ ಮೆಲ್ಲಿಫೆರಾ (ಯುರೋಪಿನ) ಜೇನಿಗೆ, ಅದೂ ನೊಣಗಳು ವಾರಗಟ್ಟಲೆ ಹೊರಗೆ ಬರಲಾಗದಷ್ಟು ಚಳಿ ಇರುವ ಕಡೆಗೆ ಅನ್ವಯಿಸುತ್ತದೆ.

ಒಳಗೆ ನಡೆಯುವುದೇನು?

ಇದು ಗೊತ್ತಿದ್ದರೆ ಮುಂದಿನ ಆಯ್ಕೆ ಅರ್ಧ ಸುಲಭ. ಜೇನುನೊಣ ಚಳಿಗಾಲದಲ್ಲಿ ನಿದ್ದೆ ಹೋಗುವುದಿಲ್ಲ. ಸುತ್ತಲಿನ ಉಷ್ಣಾಂಶ ಸುಮಾರು 14 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದ ಹಾಗೆ ನೊಣಗಳು ಎರಿಗಳ (ಮೇಣದ ಹಲ್ಲೆಗಳ) ನಡುವೆ ಒಂದಕ್ಕೊಂದು ಅಂಟಿಕೊಂಡು ಗುಂಪು ಕಟ್ಟುತ್ತವೆ. ಚಳಿ ಏರಿದಷ್ಟೂ ಗುಂಪು ಬಿಗಿಯಾಗುತ್ತದೆ. ರೆಕ್ಕೆ ಬಡಿಯದೆಯೇ ಹಾರಾಟದ ಸ್ನಾಯುಗಳನ್ನು ನಡುಗಿಸಿ ಶಾಖ ಹುಟ್ಟಿಸುತ್ತವೆ. ಮರಿ ಇದ್ದರೆ ಗುಂಪಿನ ನಡುವೆ 33ರಿಂದ 36 ಡಿಗ್ರಿ ಇರುತ್ತದೆ. ಹೊರ ಪದರದ ನೊಣಗಳು ಮಾತ್ರ 10 ಡಿಗ್ರಿಯ ಆಸುಪಾಸಿನಲ್ಲಿ, ಮೈ ಮರಗಟ್ಟುವ ಅಂಚಿನಲ್ಲಿರುತ್ತವೆ.

ಇದರಿಂದ ಎರಡು ಸಂಗತಿ ಗೊತ್ತಾಗುತ್ತದೆ. ಒಂದು, ಗುಂಪು ಕಟ್ಟಿದ ಮೇಲೆ ಬಾಗಿಲಲ್ಲಿ ಕಾವಲು ಇರುವುದಿಲ್ಲ. ಬೇಸಿಗೆಯಲ್ಲಿ ಇಲಿ ಒಳಗೆ ಬಂದರೆ ಚುಚ್ಚಿ ಓಡಿಸುವ ನೊಣಗಳು, ಒಮ್ಮೊಮ್ಮೆ ಚುಚ್ಚಿ ಸಾಯಿಸಿ ಹೆಣಕ್ಕೆ ಮರದಂಟು ಮೆತ್ತಿಬಿಡುವ ನೊಣಗಳು, ಚಳಿಗಾಲದಲ್ಲಿ ಕೆಳಗಿಳಿದು ಬರಲಾರವು. ಬಂದದ್ದು ಅಲ್ಲೇ ಮರಗಟ್ಟಿ ಬೀಳುತ್ತದೆ. ಎರಡು, ಶಾಖಕ್ಕೆ ಬೇಕಾದ ಇಂಧನ ಜೇನುತುಪ್ಪ. ಅದು ಖರ್ಚಾದಾಗ ನೀರಿನ ಆವಿ ಹುಟ್ಟುತ್ತದೆ. ಒಂದು ಕಿಲೋ ತುಪ್ಪ ಖರ್ಚಾದರೆ ಅದರಲ್ಲಿದ್ದ ನೀರೂ ಸೇರಿ ಆರೂವರೆ ನೂರು ಗ್ರಾಮಿಗೂ ತುಸು ಜಾಸ್ತಿ ನೀರು ಗಾಳಿಗೆ ಸೇರುತ್ತದೆ. ಚಳಿಗಾಲದಲ್ಲಿ 15 ಕಿಲೋ ತಿಂದ ಕುಟುಂಬ ಹತ್ತು ಲೀಟರಿನಷ್ಟು ನೀರನ್ನು ಆ ಪೆಟ್ಟಿಗೆಯೊಳಗೆ ಬಿಟ್ಟಿರುತ್ತದೆ.

ಆ ಬೆಚ್ಚಗಿನ ತೇವದ ಗಾಳಿ ಮೇಲಕ್ಕೇರುತ್ತದೆ. ಮೇಲೆ ತೆಳ್ಳಗಿನ ತಣ್ಣನೆ ಮುಚ್ಚಳ ಸಿಕ್ಕರೆ, ಕುದಿಯುವ ಪಾತ್ರೆಯ ತಟ್ಟೆಯಡಿ ಕಟ್ಟುವ ಹಾಗೆ, ಅಲ್ಲೇ ನೀರು ಕಟ್ಟಿ ನೇರ ಗುಂಪಿನ ಮೇಲೆ ತೊಟ್ಟಿಕ್ಕುತ್ತದೆ. ಒಣಗಿದ್ದು ಬಲವಾಗಿರುವ ಗುಂಪು ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯನ್ನು ತಡೆದುಕೊಳ್ಳುತ್ತದೆ. ಒದ್ದೆಯಾದ ಗುಂಪು ಅಷ್ಟೇನೂ ಅಲ್ಲದ ಚಳಿಗೂ ಸಾಯುತ್ತದೆ. ಹಾಗಾಗಿ ಯಾವ ಹೊದಿಕೆಯನ್ನು ನೋಡಿದರೂ ನಾನು ಮೊದಲು ಕೇಳುವುದು ಇದೇ: ಇದು ನೀರನ್ನು ಎಲ್ಲಿ ಕಟ್ಟಿಸುತ್ತದೆ?

ಇಲಿತಡೆ: ನಾಲ್ಕು ದಾರಿ

ಇಲಿ ಬರುವುದು ಚಳಿ ಜೋರಾದಾಗ ಅಲ್ಲ, ಅದಕ್ಕೂ ಮುಂಚೆ. ರಾತ್ರಿಗಳು ತಣ್ಣಗಾಗಿ ಹೊಲದಲ್ಲಿ ಬೆಳೆ ಖಾಲಿಯಾದ ಕೂಡಲೇ ಅದು ಬೆಚ್ಚಗಿನ ಜಾಗ ಹುಡುಕಲು ಶುರು ಮಾಡುತ್ತದೆ. ಜೇನುಪೆಟ್ಟಿಗೆಯಲ್ಲಿ ಮನೆಯೂ ಇದೆ, ಊಟವೂ ಇದೆ. ವಸಂತದಲ್ಲಿ ಇಲಿ ಹೊಕ್ಕ ಪೆಟ್ಟಿಗೆ ತೆರೆದರೆ ಕಾಣುವುದು ಹೀಗೆ. ಕೆಳಗಿನ ಒಂದು ಮೂಲೆಯಲ್ಲಿ ಎರಡು ಮೂರು ಚೌಕಟ್ಟುಗಳ ಎರಿ ಅರ್ಧಚಂದ್ರದ ಆಕಾರಕ್ಕೆ ಕಡಿದುಹೋಗಿದೆ. ಆ ಪೊಟರೆಯಲ್ಲಿ ಒಣಹುಲ್ಲು, ಎಲೆ, ನಾರು ಸೇರಿಸಿ ಸುತ್ತಿದ ಒಂದು ಉಂಡೆ. ಅಡಿಮಣೆಯ ಮೇಲೆ ಮೇಣದ ಹುಡಿ, ತಲೆಯಿಲ್ಲದ ನೊಣಗಳು, ಕಪ್ಪು ಹಿಕ್ಕೆ. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಹೊಡೆಯುವ ಉಚ್ಚೆಯ ವಾಸನೆ. ಆ ವಾಸನೆ ಹಿಡಿದ ಎರಿಯನ್ನು ನೊಣಗಳು ಮತ್ತೆ ಬಳಸಲು ಹಿಂಜರಿಯುತ್ತವೆ. ಎರಿ ಹೋದದ್ದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಇಲಿಯ ಓಡಾಟಕ್ಕೆ ಗುಂಪು ಮತ್ತೆ ಮತ್ತೆ ಕದಡಿ ತುಪ್ಪ ಬೇಗ ಖಾಲಿಯಾಗಿರುತ್ತದೆ.

ಮರದ ಬಾಗಿಲುಪಟ್ಟಿ. ಪೆಟ್ಟಿಗೆಯ ಜೊತೆಗೇ ಬರುವ, ಬಾಗಿಲನ್ನು ಕಿರಿದು ಮಾಡುವ ಸಣ್ಣ ಪಟ್ಟಿ ಇದು. ಕಣಜದ ಹುಳು ಬರುವ ಕಾಲದಲ್ಲಿ, ಬೇರೆ ಪೆಟ್ಟಿಗೆಯ ನೊಣಗಳು ತುಪ್ಪ ಕದಿಯಲು ಬರುವಾಗ ಇದರಷ್ಟು ಉಪಯೋಗದ್ದು ಇನ್ನೊಂದಿಲ್ಲ. ಇಲಿಗೆ ಮಾತ್ರ ಇದನ್ನೊಂದೇ ನಂಬಬೇಡಿ. ಮರವನ್ನು ಇಲಿ ಕಡಿಯುತ್ತದೆ. ಒಣಗಿ ಸುರುಟಿದ ಪಟ್ಟಿಯನ್ನು ತಳ್ಳಿಬಿಡಲೂಬಹುದು. ಬೇರೆ ಏನೂ ಸಿಗದೆ ಇದನ್ನೇ ಹಾಕುವುದಾದರೆ ಅತಿ ಸಣ್ಣ ಬಾಯಿಯನ್ನು ಬಳಸಿ. ಆ ಬಾಯಿ ಮೇಲ್ಮುಖವಾಗಿರುವ ಹಾಗೆ ತಿರುಗಿಸಿ ಇಡಿ. ಆಗ ಸತ್ತು ಬಿದ್ದ ನೊಣಗಳ ರಾಶಿ ದಾರಿಯನ್ನು ಮುಚ್ಚುವುದಿಲ್ಲ.

ತೂತಿನ ತಗಡು. ಬಾಗಿಲಿನ ಉದ್ದಕ್ಕೆ ಹೊರಗಿನಿಂದ ಬಡಿಯುವ, ಸಾಲಾಗಿ ದುಂಡನೆ ತೂತು ಇರುವ ಲೋಹದ ಪಟ್ಟಿ. ತೂತಿನ ಅಡ್ಡಳತೆ ಸಾಮಾನ್ಯವಾಗಿ 9ರಿಂದ 10 ಮಿಲಿಮೀಟರ್. ನೊಣ ಆರಾಮವಾಗಿ ಹೋಗಿ ಬರುತ್ತದೆ, ಗಂಡು ನೊಣವೂ ದಾಟುತ್ತದೆ, ಬೆಳೆದ ಇಲಿಯ ತಲೆಬುರುಡೆ ಹಿಡಿಸುವುದಿಲ್ಲ. ಇಲಿಯ ವಿಷಯದಲ್ಲಿ ತಲೆಯೇ ಲೆಕ್ಕ, ಮೈ ಅಲ್ಲ. ತಲೆ ತೂರಿತು ಅಂದರೆ ಉಳಿದದ್ದು ಹೇಗೋ ತೂರುತ್ತದೆ. ತಗಡನ್ನು ಕಡಿಯಲಾಗದು, ವರ್ಷಾನುಗಟ್ಟಲೆ ಬಾಳುತ್ತದೆ, ಗಾಳಿಯೂ ಆಡುತ್ತದೆ. ಕೊರತೆ ಎರಡು. ಕಾಲಿನಲ್ಲಿ ಪರಾಗದ ಉಂಡೆ ಹೊತ್ತು ಬರುವ ನೊಣ ತೂತಿನ ಅಂಚಿಗೆ ತಾಗಿಸಿ ಒಂದಷ್ಟು ಬೀಳಿಸುತ್ತದೆ. ಮತ್ತೆ ಸತ್ತ ನೊಣಗಳನ್ನು ಹೊರಹಾಕುವುದು ಕಷ್ಟವಾಗಿ ತೂತುಗಳ ಹಿಂದೆ ರಾಶಿ ಬೀಳುತ್ತದೆ. ಮೊದಲನೆಯದು ನಡುಚಳಿಯಲ್ಲಿ ಲೆಕ್ಕಕ್ಕಿಲ್ಲ, ಆಗ ಪರಾಗವೇ ಬರುವುದಿಲ್ಲ. ಎರಡನೆಯದಕ್ಕೆ ಒಂದು ಬಾಗಿದ ತಂತಿ ಸಾಕು. ಕೆಲವು ವಾರಕ್ಕೊಮ್ಮೆ ಮೆಲ್ಲಗೆ ಎಳೆದು ತೆಗೆದರೆ ಆಯಿತು. ತೂತುಗಳ ಒಂದು ಸಾಲಾದರೂ ಅಡಿಮಣೆಯಿಂದ ತುಸು ಮೇಲಿರುವ ತಗಡನ್ನು ಆರಿಸಿ.

ತಂತಿ ಜಾಲರಿ. ಇದ್ದ ಜಾಲರಿಯನ್ನು ಕತ್ತರಿಸಿ, ಮಡಚಿ, ಬಾಗಿಲಿಗೆ ತುರುಕುವುದು ಎಲ್ಲಕ್ಕಿಂತ ಅಗ್ಗದ ದಾರಿ. ಜಾಲರಿಯ ಕಣ್ಣಿನ ಅಳತೆಯೇ ಇಲ್ಲಿ ಎಲ್ಲ. 12 ಮಿಲಿಮೀಟರಿನದು ದೊಡ್ಡ ಇಲಿಯನ್ನು ನಿಲ್ಲಿಸುತ್ತದೆ. ಮರಿ ಇಲಿ ನುಸುಳುವ ಸಾಧ್ಯತೆ ಇದೆ, ಯಾಕೆಂದರೆ ಚೌಕದ ಕರ್ಣ ಬದಿಗಿಂತ ಉದ್ದ. 6 ಮಿಲಿಮೀಟರಿನದು ಎಲ್ಲವನ್ನೂ ನಿಲ್ಲಿಸುತ್ತದೆ. ಚೂಪು ಮೂತಿಯ ಪುಟ್ಟ ಮೂಗಿಲಿ ಕಾಟ ಇರುವ ಕಡೆ ಇದೊಂದೇ ಗಟ್ಟಿ ಉತ್ತರ. ಮೂಗಿಲಿ ಎರಿಗಾಗಿ ಬರುವುದಿಲ್ಲ, ನೊಣವನ್ನೇ ತಿನ್ನಲು ಬರುತ್ತದೆ, 10 ಮಿಲಿಮೀಟರಿನ ತೂತಲ್ಲಿ ಅದು ಸಲೀಸಾಗಿ ದಾಟುತ್ತದೆ. ಆದರೆ 6 ಮಿಲಿಮೀಟರಿನ ಕಣ್ಣಿನಲ್ಲಿ ಪರಾಗ ಉದುರುತ್ತದೆ, ಗಂಡು ನೊಣ ಸಿಕ್ಕಿಕೊಳ್ಳುತ್ತದೆ, ಹೆಣ ಹೊರಗೆ ಎಳೆಯಲು ಆಗುವುದಿಲ್ಲ. ನೊಣಗಳು ಗುಂಪು ಕಟ್ಟಿದ ಮೇಲೆ ಹಾಕಿ, ಮೊದಲ ಪರಾಗ ಬರುವಾಗ ತೆಗೆಯುವ ಶಿಸ್ತು ಇರುವವರಿಗೆ ಮಾತ್ರ ಇದು ಸರಿ. ಇನ್ನೊಂದು ಮಾತು. ಕತ್ತರಿಸಿದ ತಂತಿಯ ಚೂಪು ತುದಿಗಳನ್ನು ಒಳಕ್ಕೆ ಮಡಚಿ. ನೊಣದ ರೆಕ್ಕೆಗೂ ಒಳ್ಳೆಯದು, ನಿಮ್ಮ ಬೆರಳಿಗೂ ಒಳ್ಳೆಯದು.

ಕಿರು ಸೀಳಿನ ಬಾಗಿಲು. ಇದು ಹಾಕಿ ತೆಗೆಯುವ ವಸ್ತುವಲ್ಲ, ಅಡಿಮಣೆಯನ್ನೇ ಹಾಗೆ ಮಾಡುವುದು. ಬಾಗಿಲಿನ ಎತ್ತರ ವರ್ಷವಿಡೀ 7ರಿಂದ 8 ಮಿಲಿಮೀಟರ್ ಮಾತ್ರ, ಅಗಲ ಬೇಕಾದಷ್ಟು. ಈ ಅಳತೆ ನೊಣಕ್ಕೆ ಹೊಸದಲ್ಲ. 1851ರಲ್ಲಿ ಅಮೆರಿಕದ ಜೇನು ಸಾಕಣೆಗಾರ ಲ್ಯಾಂಗ್‌ಸ್ಟ್ರಾತ್ ಗಮನಿಸಿದ ಹಾಗೆ ನೊಣಗಳು ಎರಿ ಕಟ್ಟದೆ, ಅಂಟು ಮೆತ್ತದೆ ಓಡಾಟಕ್ಕೆಂದು ಬಿಟ್ಟುಕೊಳ್ಳುವ ಸಂದು 6ರಿಂದ 9 ಮಿಲಿಮೀಟರ್. ಅದರ ಸುಳಿವು ಹಿಡಿದೇ ಇಂದಿನ ಪೆಟ್ಟಿಗೆಗಳೆಲ್ಲ ಹುಟ್ಟಿದ್ದು. ಪರಾಗ ಬೀಳುವುದಿಲ್ಲ, ಹೆಣ ಎಳೆಯಲು ಜಾಗ ಇದೆ, ಮರೆತು ಬಿಟ್ಟೆವು ಅನ್ನುವ ಭಯವಿಲ್ಲ. ಆದರೆ ದುಂಡನೆ ತೂತಿನ ಲೆಕ್ಕ ಸೀಳಿಗೆ ಬರುವುದಿಲ್ಲ. ಸೀಳಿನಲ್ಲಿ ಇಲಿಗೆ ಅಗಲ ಬೇಕಾದಷ್ಟು ಸಿಗುತ್ತದೆ, ಎತ್ತರ ಮಾತ್ರ ಅದನ್ನು ತಡೆಯಬೇಕು. ಆದ್ದರಿಂದ 10 ಮಿಲಿಮೀಟರಿನ ಸೀಳು ತಡೆಯೇ ಅಲ್ಲ. ಹಲಗೆ ಬಾಗಿ ಒಂದು ಕಡೆ ಸಂದು ದೊಡ್ಡದಾದರೂ ಮುಗಿಯಿತು. ಅಂಚಿಗೆ ಒಂದು ತಗಡಿನ ಪಟ್ಟಿ ಹೊಡೆದರೆ ಬಾಗುವ, ಕಡಿಯುವ ಎರಡು ಚಿಂತೆಯೂ ಕಡಿಮೆ. ಮರಗೆಲಸ ಬಲ್ಲವರಿಗೆ ನಾನು ಹೇಳುವುದು ಇದನ್ನೇ.

ಉಳಿದ ಉಪಾಯಗಳನ್ನು ಬೇಗ ಮುಗಿಸುತ್ತೇನೆ. ಪೆಟ್ಟಿಗೆಯನ್ನು ಎತ್ತರದ ಕಾಲಿನ ಮೇಲೆ ಇಡುವುದು ತೇವಕ್ಕೆ ಒಳ್ಳೆಯದು, ಇಲಿಗೆ ಅದು ಸಾಲದು, ಅದು ಹತ್ತುತ್ತದೆ, ಜಿಗಿಯುತ್ತದೆ. ಪುದೀನ ಎಣ್ಣೆಯಂಥ ವಾಸನೆಗಳು ಮಳೆ ಗಾಳಿಗೆ ಕೆಲವೇ ದಿನದಲ್ಲಿ ಹೋಗುತ್ತವೆ. ಇಲಿ ಪಾಷಾಣ ಬೇಡವೇ ಬೇಡ. ವಿಷ ತಿಂದ ಇಲಿಯನ್ನು ಗೂಬೆಯೋ ಬೆಕ್ಕೋ ತಿಂದರೆ ಅದಕ್ಕೂ ಅಪಾಯ. ಇಲಿ ಹಿಡಿಯುವವರನ್ನೇ ಕೊಂದ ಹಾಗೆ ಆಗುತ್ತದೆ ಅಲ್ವಾ? ಸುತ್ತಲಿನ ಹುಲ್ಲು ಸವರುವುದು ಮಾತ್ರ ಯಾವ ತಡೆ ಹಾಕಿದರೂ ಮಾಡಬೇಕಾದ ಕೆಲಸ.

ತಡೆ ಯಾವುದೇ ಇರಲಿ, ಹಾಕುವ ಮುಂಚೆ ಇಲಿ ಈಗಾಗಲೇ ಒಳಗಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ಕಳ್ಳನನ್ನು ಒಳಗಿಟ್ಟು ಬೀಗ ಹಾಕಿದಂತಾಗುತ್ತದೆ. ಬಿಸಿಲಿರುವ ದಿನ ಪೆಟ್ಟಿಗೆಯನ್ನು ತುಸು ಹಿಂದಕ್ಕೆ ವಾಲಿಸಿ ಅಡಿಮಣೆಯನ್ನು ಟಾರ್ಚ್ ಬಿಟ್ಟು ನೋಡಿದರೆ ಸಾಕು. ಗೂಡು ಸಿಕ್ಕರೆ ಒಣ ಹಿಕ್ಕೆಯನ್ನು ಹಾಗೇ ಗುಡಿಸಬೇಡಿ. ಇಲಿಯ ಹಿಕ್ಕೆ, ಉಚ್ಚೆಯಿಂದ ಮನುಷ್ಯರಿಗೆ ಹರಡುವ ಕಾಯಿಲೆಗಳಿವೆ. ಮೊದಲು ಒದ್ದೆ ಮಾಡಿ, ಕೈಗವಸು, ಮಾಸ್ಕ್ ಹಾಕಿಕೊಂಡು ತೆಗೆಯಿರಿ.

ಚಳಿ: ಮೊದಲು ಮೇಲೆ, ಆಮೇಲೆ ಸುತ್ತ

ಪೈನ್ ಹಲಗೆಯ ಪೆಟ್ಟಿಗೆಯ ಗೋಡೆ ಸಾಮಾನ್ಯವಾಗಿ 19ರಿಂದ 22 ಮಿಲಿಮೀಟರ್ ದಪ್ಪ. ಶಾಖ ತಡೆಯುವುದರಲ್ಲಿ 19 ಮಿಲಿಮೀಟರ್ ಹಲಗೆ ಹೆಚ್ಚುಕಡಿಮೆ ಐದಾರು ಮಿಲಿಮೀಟರ್ ಥರ್ಮೋಕೋಲಿಗೆ ಸಮ. ಜೇನು ತಾನಾಗಿ ಆರಿಸುವ ಮರದ ಪೊಟರೆಯ ಗೋಡೆ ಇದರ ಎಷ್ಟೋ ಪಟ್ಟು ದಪ್ಪ. ಈ ವ್ಯತ್ಯಾಸವನ್ನು ಅಳೆದು ನೋಡಿದ ಬ್ರಿಟನ್ನಿನ ಸಂಶೋಧಕ ಡೆರೆಕ್ ಮಿಚೆಲ್ 2016ರಲ್ಲಿ ಪ್ರಕಟಿಸಿದ ಪ್ರಕಾರ ಮರದ ಪೆಟ್ಟಿಗೆಯಿಂದ ಹೊರಹೋಗುವ ಶಾಖ ಪೊಟರೆಗಿಂತ ನಾಲ್ಕರಿಂದ ಏಳು ಪಟ್ಟು ಜಾಸ್ತಿ. ಇದನ್ನು ಓದಿದ ಮೇಲೆ "ನೊಣ ತನ್ನ ಗುಂಪನ್ನು ಮಾತ್ರ ಬಿಸಿ ಇಡುತ್ತದೆ, ಪೆಟ್ಟಿಗೆ ಹೇಗಿದ್ದರೇನು" ಅನ್ನುವ ಹಳೆಯ ಮಾತನ್ನು ನಾನು ಒಪ್ಪುವುದಿಲ್ಲ. ಪೆಟ್ಟಿಗೆ ಶಾಖ ಸೋರಿಸಿದಷ್ಟೂ ನೊಣ ದುಡಿಯಬೇಕು.

ಹಾಗಾದರೆ ಸುಮ್ನೆ ಸುತ್ತ ಹೊದಿಸಿದರೆ ಆಯಿತಲ್ಲ? ಅಲ್ಲಿಯೇ ಕ್ರಮ ಮುಖ್ಯವಾಗುವುದು. ಮುಚ್ಚಳ ಗೋಡೆಗಿಂತ ಬೆಚ್ಚಗಿದ್ದರೆ ನೀರು ಗೋಡೆಯ ಮೇಲೆ ಕಟ್ಟಿ, ಬದಿಯಿಂದ ಇಳಿದು, ಬಾಗಿಲಿನಿಂದ ಹೊರಗೆ ಹೋಗುತ್ತದೆ. ಗುಂಪು ಒಣಗಿಯೇ ಇರುತ್ತದೆ. ಗೋಡೆಯ ಮೇಲಿನ ಆ ಹನಿಗಳನ್ನು ನೊಣಗಳು ಗಟ್ಟಿ ತುಪ್ಪ ತೆಳ್ಳಗೆ ಮಾಡಿಕೊಳ್ಳಲೂ ಬಳಸುತ್ತವೆ. ಗೋಡೆ ಬೆಚ್ಚಗಿದ್ದು ಮುಚ್ಚಳ ತಣ್ಣಗಿದ್ದರೆ ಇದು ತಲೆಕೆಳಗಾಗುತ್ತದೆ, ನೀರೆಲ್ಲ ತಲೆಯ ಮೇಲೆ. ಸುತ್ತ ಹೊದಿಸಿ ಮೇಲೆ ಬರಿದೇ ಬಿಡುವುದು ಏನೂ ಮಾಡದೆ ಇರುವುದಕ್ಕಿಂತ ಕೆಟ್ಟದಾಗಬಹುದು ಎನ್ನುವುದು ಇದಕ್ಕೇ.

ಮೇಲಿನ ಪದರಕ್ಕೆ ಎರಡು ಒಳ್ಳೆಯ ಆಯ್ಕೆ ಇವೆ. ಒಂದು, 25ರಿಂದ 50 ಮಿಲಿಮೀಟರ್ ದಪ್ಪದ ಗಟ್ಟಿ ಫೋಮ್ ಹಲಗೆಯನ್ನು ಒಳಮುಚ್ಚಳದ ಮೇಲೆ, ಮೇಲ್ಮುಚ್ಚಳದ ಕೆಳಗೆ, ಸಂದು ಇಲ್ಲದ ಹಾಗೆ ಕತ್ತರಿಸಿ ಇಡುವುದು. 25 ಮಿಲಿಮೀಟರಿನದೇ ಸುಮಾರು 85 ಮಿಲಿಮೀಟರ್ ಪೈನ್ ಹಲಗೆಗೆ ಸಮ. ಒಮ್ಮೆ ಕತ್ತರಿಸಿದರೆ ಮುಗಿಯಿತು. ವರ್ಷವಿಡೀ ಅಲ್ಲೇ ಬಿಡಬಹುದು, ಬೇಸಿಗೆಯ ಬಿಸಿಲಿಗೂ ಅದೇ ರಕ್ಷಣೆ. ಇದು ತೇವ ಹೀರುವುದಿಲ್ಲ, ತೇವವನ್ನು ಗೋಡೆಗೆ ಕಳಿಸುತ್ತದೆ ಅಷ್ಟೇ. ಅದಕ್ಕೇ ಪೆಟ್ಟಿಗೆ ಮುಂದಕ್ಕೆ ತುಸು ವಾಲಿರಲೇಬೇಕು.

ಇನ್ನೊಂದು ಹೊಟ್ಟಿನ ಪೆಟ್ಟಿಗೆ. ಕೆಳಗೆ ಬಟ್ಟೆ ಬಿಗಿದ ಒಂದು ಗಿಡ್ಡ ಪೆಟ್ಟಿಗೆಯಲ್ಲಿ ಒಣಗಿದ ಮರದ ಕೀಸು ಹೊಟ್ಟು ತುಂಬಿ ಚೌಕಟ್ಟುಗಳ ಮೇಲೆ ಇಡುತ್ತಾರೆ. ಮೇಲೆ ಬದಿಗಳಲ್ಲಿ ಗಾಳಿಗಂಡಿ ಇರುತ್ತದೆ. ತೇವದ ಗಾಳಿ ಬಟ್ಟೆ ದಾಟಿ ಹೊಟ್ಟಿಗೆ ಹೋಗುತ್ತದೆ, ಹೊಟ್ಟು ಹೀರಿಕೊಂಡು ಮೇಲಿನಿಂದ ಆರಿಸುತ್ತದೆ. ಗಾಳಿಯಲ್ಲೇ ಪಸೆ ಜಾಸ್ತಿ ಇರುವ, ಮಳೆ ಮಂಜಿನ ಚಳಿಗಾಲದಲ್ಲಿ ನನಗೆ ಇದೇ ಇಷ್ಟ. ಕೈಯಲ್ಲಿ ಹೊಟ್ಟು ಹಿಡಿದು ನೋಡಿದರೆ ವಿಷಯ ಗೊತ್ತಾಗುತ್ತದೆ. ಮೇಲಿನ ಒಂದು ಬೆರಳು ದಪ್ಪ ಒದ್ದೆಯಾಗಿ ಮುದ್ದೆಗಟ್ಟಿದ್ದರೂ ಬಟ್ಟೆಗೆ ತಾಗಿದ ಪದರ ಒಣಗಿ ಹಗುರವಾಗಿದ್ದರೆ ಅದು ತನ್ನ ಕೆಲಸ ಮಾಡುತ್ತಿದೆ. ಕೆಳಗಿನವರೆಗೂ ಒದ್ದೆಯಾದರೆ ಹೊಟ್ಟು ಬದಲಿಸಿ. ನುಣ್ಣನೆ ಮರದ ಪುಡಿ ಬೇಡ, ಅದು ಕೂತು ಗಟ್ಟಿಯಾಗುತ್ತದೆ. ಕೊರತೆ ಏನೆಂದರೆ ಇದು ಕೆಲಸದ ವಸ್ತು, ನೋಡುತ್ತಿರಬೇಕು. ಮತ್ತೆ ಇಲಿಗೆ ಇದಕ್ಕಿಂತ ಒಳ್ಳೆಯ ಮನೆ ಇಲ್ಲ. ಗಾಳಿಗಂಡಿಗಳಿಗೆ 3 ಮಿಲಿಮೀಟರ್ ಜಾಲರಿ ಹೊಡೆಯದ ಹೊಟ್ಟಿನ ಪೆಟ್ಟಿಗೆ ಇಡಲೇಬೇಡಿ.

ಮೇಲಿನದು ಮುಗಿದ ಮೇಲೆ ಸುತ್ತಲಿನ ಮಾತು. ಡಾಂಬರು ಬಳಿದ ಕಪ್ಪು ಹಾಳೆ ಸುತ್ತುವುದು ಹಳೆಯ ರೂಢಿ. ಶಾಖ ತಡೆಯುವ ಶಕ್ತಿ ಅದಕ್ಕೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದು ಮಾಡುವುದು ಎರಡು ಕೆಲಸ. ಗಾಳಿ ಸಂದಿನಲ್ಲಿ ನುಗ್ಗುವುದನ್ನು ತಡೆಯುತ್ತದೆ, ಬಿಸಿಲನ್ನು ಹೀರುತ್ತದೆ. ಬಿಸಿಲು ಬಿದ್ದ ಮಧ್ಯಾಹ್ನ ಗುಂಪು ಸಡಿಲವಾಗಿ ಪಕ್ಕದ ಎರಿಯ ತುಪ್ಪಕ್ಕೆ ಸರಿದುಕೊಳ್ಳುತ್ತದೆ, ಹೊರಗೆ ಹೋಗಿ ಹೊಟ್ಟೆ ಖಾಲಿ ಮಾಡಿಕೊಂಡು ಬರುತ್ತದೆ. ತುಪ್ಪ ಪಕ್ಕದಲ್ಲೇ ಇದ್ದೂ ಅಲ್ಲಿಗೆ ಸರಿಯಲಾಗದೆ ಹಸಿವಿನಿಂದ ಸಾಯುವ ಕುಟುಂಬಗಳಿವೆ. ಹಾಗಾಗಿ ಈ ಸಣ್ಣ ಸಹಾಯ ಸಣ್ಣದಲ್ಲ. ಚಳಿ ಇದ್ದರೂ ಬಿಸಿಲು ಚೆನ್ನಾಗಿ ಬೀಳುವ ಜಾಗಕ್ಕೆ ಕಪ್ಪು ಹಾಳೆ ಒಳ್ಳೆಯದು. ಮೋಡ ಕವಿದೇ ಇರುವ ಜಾಗದಲ್ಲಿ ಅದರಿಂದ ಹೆಚ್ಚೇನೂ ಸಿಗುವುದಿಲ್ಲ.

ಅಲ್ಲಿಗೆ ಫೋಮ್ ಹಲಗೆಯೇ ಬೇಕು. ನಾಲ್ಕೂ ಕಡೆ 25ರಿಂದ 50 ಮಿಲಿಮೀಟರ್ ಹಲಗೆ ನಿಲ್ಲಿಸಿ ಪಟ್ಟಿಯಿಂದ ಬಿಗಿದರೆ ಗೋಡೆಯ ಶಕ್ತಿ ಹಲವು ಪಟ್ಟು ಹೆಚ್ಚುತ್ತದೆ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ವಾರಗಟ್ಟಲೆ ಇರುವ ಕಡೆ ಇದಕ್ಕೆ ಪರ್ಯಾಯ ಹುಡುಕಬೇಡಿ. ಸುತ್ತಲೂ ಹಾಕುವಾಗ ಮೇಲಿನ ಪದರ ಸುತ್ತಲಿನದಕ್ಕಿಂತ ದಪ್ಪ ಇರಲಿ, ಆ ಒಂದು ನಿಯಮ ಬಿಡಬೇಡಿ. ವಸಂತದಲ್ಲಿ ತಡ ಮಾಡಿ ತೆಗೆಯಿರಿ. ಮರಿ ಹೆಚ್ಚುವ ಕಾಲದಲ್ಲಿ ಬೆಚ್ಚಗಿನ ಗೋಡೆಯಿಂದ ನಡುಚಳಿಯಷ್ಟೇ ಉಪಯೋಗವಿದೆ.

ಪೂರ್ತಿ ಥರ್ಮೋಕೋಲಿನದೇ ಆದ ಗಟ್ಟಿ ಪೆಟ್ಟಿಗೆಗಳೂ ಸಿಗುತ್ತವೆ. ಹೊಸದಾಗಿ ಶುರು ಮಾಡುವವರು, ಚಳಿ ಜಾಸ್ತಿ ಇರುವವರು ಖಂಡಿತ ಯೋಚಿಸಬಹುದು. ಹಗುರ, ಬೆಚ್ಚಗೆ, ಪ್ರತಿ ವರ್ಷ ಹೊದಿಸಿ ಬಿಚ್ಚುವ ಕೆಲಸವಿಲ್ಲ. ಆದರೆ ಬೆಂಕಿಯಿಂದ ಸುಟ್ಟು ಶುದ್ಧ ಮಾಡಲಾಗದು, ಬಣ್ಣ ಬಳಿಯದಿದ್ದರೆ ಬಿಸಿಲಿಗೆ ಪುಡಿಯಾಗುತ್ತದೆ, ಇಲಿ ಹಲ್ಲು ಹಾಕಿದರೆ ಬಾಗಿಲಿನ ಅಂಚೇ ಹೋಗುತ್ತದೆ. ಈ ಪೆಟ್ಟಿಗೆಗೆ ತಗಡಿನ ತಡೆ ಮರದ ಪೆಟ್ಟಿಗೆಗಿಂತ ಹೆಚ್ಚು ಅಗತ್ಯ. ಗೋಡೆ ಕುಕ್ಕುವ ಮರಕುಟಿಗ ಇರುವ ಕಡೆ ಸುತ್ತ ಕೋಳಿ ಜಾಲರಿಯನ್ನೂ ಹಾಕಬೇಕಾಗುತ್ತದೆ.

ಕರೆಂಟಿನ ಹೀಟರು ನನಗೆ ಸರಿಕಾಣುವುದಿಲ್ಲ. ಅಕಾಲದಲ್ಲಿ ರಾಣಿ ಮೊಟ್ಟೆಯಿಡಲು ಶುರು ಮಾಡಿದರೆ ತುಪ್ಪ ಖಾಲಿಯಾಗುತ್ತದೆ. ಒಳಾಂಗಣದಲ್ಲಿ ಇಡುವುದು ದೊಡ್ಡ ಪ್ರಮಾಣದಲ್ಲಿ ಸಾಕುವವರ ದಾರಿ. ಪೂರ್ತಿ ಕತ್ತಲು, ನಾಲ್ಕೈದು ಡಿಗ್ರಿಯ ಸ್ಥಿರ ಉಷ್ಣಾಂಶ, ಗಾಳಿ ಬದಲಾಗುವ ವ್ಯವಸ್ಥೆ ಮೂರೂ ಇದ್ದರೆ ಮಾತ್ರ ಅದು ನಡೆಯುತ್ತದೆ. ನಾಲ್ಕು ಪೆಟ್ಟಿಗೆ ಇರುವವರು ಕೊಟ್ಟಿಗೆಯಲ್ಲೋ ಗ್ಯಾರೇಜಿನಲ್ಲೋ ಇಟ್ಟು ನೋಡುವುದು ಬೇಡ. ತುಸು ಬೆಚ್ಚಗಾದರೂ ನೊಣಗಳು ಹೊರಬಿದ್ದು ಕಿಟಕಿಗೆ ಬಡಿದು ಸಾಯುತ್ತವೆ.

ಗಾಳಿ ತಡೆಯನ್ನು ಮಾತ್ರ ಯಾರೂ ಬಿಡಬಾರದು. ಗಾಳಿ ಬೀಸುವ ದಿಕ್ಕಿಗೆ ಬೇಲಿಯೋ ಗೋಡೆಯೋ ಪೊದೆಯೋ ಇದ್ದರೆ ಅರ್ಧ ಹೊದಿಕೆ ಹಾಕಿದಂತೆಯೇ. ತಗ್ಗಿನ ಜಾಗದಲ್ಲಿ ತಣ್ಣನೆ ಗಾಳಿ ಬಂದು ನಿಲ್ಲುತ್ತದೆ, ಅಲ್ಲಿಂದ ಪೆಟ್ಟಿಗೆಯನ್ನು ಚಳಿಗೆ ಮುಂಚೆಯೇ ಮೇಲಕ್ಕೆ ತನ್ನಿ.

ಮೇಲಿನ ಗಂಡಿ ಬೇಕೇ?

ಇದರ ಬಗ್ಗೆ ಜೇನು ಸಾಕುವವರಲ್ಲಿ ಜಗಳವೇ ಇದೆ. ಮೇಲ್ಗಡೆ ಒಂದು ಸಣ್ಣ ಗಂಡಿ ಇದ್ದರೆ ತೇವ ಹೊರಗೆ ಹೋಗುತ್ತದೆ, ಕೆಳಬಾಗಿಲು ಹಿಮದಿಂದಲೋ ಹೆಣದಿಂದಲೋ ಮುಚ್ಚಿದರೆ ಅದೇ ದಾರಿ ಎಂದು ಒಂದು ಕಡೆಯವರು. ಶಾಖವೂ ಅಲ್ಲಿಂದಲೇ ಹೋಗುತ್ತದೆ ಎಂದು ಇನ್ನೊಂದು ಕಡೆಯವರು. ಇಬ್ಬರೂ ಸರಿ, ಪೆಟ್ಟಿಗೆ ಯಾವುದು ಅನ್ನುವುದರ ಮೇಲೆ. ಮೇಲೆ ಶಾಖತಡೆ ಇಲ್ಲದ, ತೆಳು ಗೋಡೆಯ ಪೆಟ್ಟಿಗೆಗೆ ಗಂಡಿ ಬೇಕು, ಇಲ್ಲದಿದ್ದರೆ ನೀರು ತೊಟ್ಟಿಕ್ಕುತ್ತದೆ. ಮೇಲೆ 50 ಮಿಲಿಮೀಟರ್ ಫೋಮ್ ಇರುವ ಪೆಟ್ಟಿಗೆಗೆ ನಾನು ಗಂಡಿ ಇಡುವುದಿಲ್ಲ. ಹಿಮ ಬಾಗಿಲು ಮುಚ್ಚುವ ಕಡೆ ಮಾತ್ರ ಒಂದು ಪುಟ್ಟ ಗಂಡಿ ಇಡಬಹುದು. ಅದೂ 9 ಮಿಲಿಮೀಟರ್ ಮೀರಬಾರದು. ಇಲಿ ಗೋಡೆ ಹತ್ತುತ್ತದೆ. ಕೆಳಬಾಗಿಲಿಗೆ ಚೆನ್ನಾಗಿ ತಗಡು ಹೊಡೆದು ಮೇಲೆ ದೊಡ್ಡ ಗಂಡಿ ಬಿಟ್ಟರೆ ತಗಡು ದಂಡ.

ಎರಡೂ ಸೇರಿದಾಗ

ಹೊದಿಕೆ ಮತ್ತು ಗೋಡೆಯ ನಡುವಿನ ಸಂದು ಇಲಿಯ ಅಚ್ಚುಮೆಚ್ಚಿನ ಜಾಗ. ಒಳಗೆ ಹೋಗಲಾಗದಿದ್ದರೂ ಅಲ್ಲಿ ಗೂಡು ಕಟ್ಟುತ್ತದೆ, ಫೋಮನ್ನು ಕೊರೆಯುತ್ತದೆ, ರಾತ್ರಿಯಿಡೀ ಗೀಚುವ ಸದ್ದಿಗೆ ಗುಂಪು ಕದಡುತ್ತದೆ. ಅದಕ್ಕೇ ಹುಲ್ಲಿನ ಕಟ್ಟನ್ನು ಪೆಟ್ಟಿಗೆಗೆ ಒತ್ತಿ ನಿಲ್ಲಿಸುವ ಹಳೆಯ ಪದ್ಧತಿ ನನಗೆ ಇಷ್ಟವಿಲ್ಲ. ಗಾಳಿ ತಡೆಗೆ ಹುಲ್ಲಿನ ಕಟ್ಟು ಬೇಕಾದರೆ ಒಂದು ಮೀಟರ್ ದೂರ ಇಡಿ. ಫೋಮ್ ಹಲಗೆಗಳ ಕೆಳ ಅಂಚು ನೆಲಕ್ಕೆ ತಾಗಬಾರದು, ಮೂಲೆಗಳನ್ನು ಲೋಹದ ಟೇಪಿನಿಂದ ಮುಚ್ಚಿ. ಹಾಳೆ ಸುತ್ತುವಾಗ ಬಾಗಿಲಿನ ತಗಡು ಹಾಳೆಯ ಹೊರಗಿರಲಿ. ಒಳಗಿದ್ದರೆ ಹೆಣ ತೆಗೆಯಲು ಪ್ರತಿ ಸಲ ಹಾಳೆ ಬಿಚ್ಚಬೇಕಾಗುತ್ತದೆ, ಕೊನೆಗೆ ಆ ಕೆಲಸವೇ ನಿಂತುಹೋಗುತ್ತದೆ. ಅಡಿಮಣೆಗೆ ಜಾಲರಿ ಇದ್ದರೆ ಹರಿದಿಲ್ಲವೇ ನೋಡಿ. ಗಾಳಿ ಜಾಸ್ತಿ ಇರುವ ಕಡೆ ಕೆಳಗಿನ ತಟ್ಟೆ ಹಾಕಿ ಮುಚ್ಚಿ. ಖಾಲಿ ಎರಿಗಳನ್ನು ಬೇರೆ ಇಟ್ಟಿದ್ದರೆ ಆ ಪೆಟ್ಟಿಗೆಗಳ ಅಡಿಗೂ ಮೇಲಕ್ಕೂ ಒಂದೊಂದು ತಗಡು ಇರಲಿ, ಅಲ್ಲಿ ಕಾಯುವ ನೊಣವೇ ಇಲ್ಲ.

ಯಾರಿಗೆ ಯಾವುದು?

ಚಳಿ ಸೊನ್ನೆಯ ಆಚೀಚೆ ಮಾತ್ರ ಇದ್ದು ಮಳೆ ಮಂಜು ಜಾಸ್ತಿ ಇದ್ದರೆ: 9 ಮಿಲಿಮೀಟರ್ ತೂತಿನ ತಗಡು, ಜಾಲರಿ ಹೊಡೆದ ಹೊಟ್ಟಿನ ಪೆಟ್ಟಿಗೆ. ಸುತ್ತ ಏನೂ ಬೇಡ. ಚಳಿ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗೆ ಹೋಗಿ ಬಿಸಿಲೂ ಇದ್ದರೆ: ಅದೇ ತಗಡು, ಮೇಲೆ 50 ಮಿಲಿಮೀಟರ್ ಫೋಮ್, ಸುತ್ತ ಕಪ್ಪು ಹಾಳೆ. ಅದಕ್ಕೂ ಕಠಿಣವಾದರೆ ಸುತ್ತಲೂ ಫೋಮ್, ಅದಕ್ಕಿಂತ ದಪ್ಪವಾಗಿ ಮೇಲೆ, ಒಂದು ಪುಟ್ಟ ಮೇಲ್ಗಂಡಿ. ಮೂಗಿಲಿ ಇದ್ದರೆ ನಡುಚಳಿಯಲ್ಲಿ ತಗಡಿನ ಬದಲು 6 ಮಿಲಿಮೀಟರ್ ಜಾಲರಿ. ಪೆಟ್ಟಿಗೆಗಳ ಹತ್ತಿರ ಆಗಾಗ ಹೋಗಲಾಗದವರು ಕಿರು ಸೀಳಿನ ಅಡಿಮಣೆ ಮತ್ತು ಫೋಮ್ ಆರಿಸಿ. ಎರಡನ್ನೂ ಒಮ್ಮೆ ಮಾಡಿ ಮರೆಯಬಹುದು.

ಆದರೆ ಒಂದು ಮಾತು ಮನಸ್ಸಿಟ್ಟು ಹೇಳುತ್ತೇನೆ. ನೊಣದ ಮೈಗೆ ಅಂಟಿ ಬದುಕುವ ವರೋವಾ ನುಸಿ ತುಂಬಿದ ಕುಟುಂಬವನ್ನು ಯಾವ ಹೊದಿಕೆಯೂ ಉಳಿಸುವುದಿಲ್ಲ. ಚಳಿಗಾಲ ದಾಟಿಸುವ ನೊಣಗಳು ಹುಟ್ಟುವ ಮುಂಚೆಯೇ ನುಸಿಯ ಚಿಕಿತ್ಸೆ ಮುಗಿದಿರಬೇಕು. ತುಪ್ಪ ಸಾಕಷ್ಟು ಇರಬೇಕು. ದೀರ್ಘ ಚಳಿಯ ಕಡೆ 25ರಿಂದ 40 ಕಿಲೋ ಬೇಕಾಗುತ್ತದೆ. ಪೆಟ್ಟಿಗೆಯ ಹಿಂಬದಿಯನ್ನು ಕೈಯಿಂದ ಎತ್ತಿ ನೋಡಿದರೆ ನೆಲಕ್ಕೆ ಮೊಳೆ ಹೊಡೆದಂತೆ ಭಾರ ಅನ್ನಿಸಬೇಕು. ನಡುವೆ ರಾಣಿತಡೆ ಜಾಲರಿ ಇದ್ದರೆ ತೆಗೆಯಿರಿ. ಗುಂಪು ತುಪ್ಪದ ಹಿಂದೆ ಮೇಲೆ ಹೋಗಿ ರಾಣಿ ಕೆಳಗೆ ಒಂಟಿಯಾದರೆ ಅವಳು ಚಳಿಗೆ ಸಾಯುತ್ತಾಳೆ.

ತಡೆ ಹಾಕಲು ಸರಿಯಾದ ಹೊತ್ತು ಮೊದಲ ತಣ್ಣನೆ ರಾತ್ರಿಗಳು. ತೆಗೆಯಲು ಸರಿಯಾದ ಹೊತ್ತು ನೊಣಗಳು ದಿನವೂ ಪರಾಗ ತರಲು ಶುರು ಮಾಡಿದಾಗ. ಆಗ ಬಾಗಿಲಲ್ಲಿ ಕಾವಲು ಮರಳಿರುತ್ತದೆ. ಮೊದಲು ತಗಡು ತೆಗೆಯಿರಿ, ಸುತ್ತಲಿನ ಫೋಮನ್ನು ರಾತ್ರಿ ಚಳಿ ಪೂರ್ತಿ ಇಳಿದ ಮೇಲೆ. ಮೇಲಿನ ಪದರ ಅಲ್ಲೇ ಇರಲಿ.